ಗಾಡಿ ಬೇಕೆನ್ನಿಸಿದ್ದು ತಪ್ಪೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 66 ವರ್ಷ. ಮಂಡಿನೋವಿನಿಂದ ಸ್ಕೂಟರ್ ಬಿಟ್ಟೆ. ಚಾವಣಿ, ಬಾಗಿಲು ಎರಡೂ ಇರುವ ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿಯೊಂದನ್ನು ನೋಡಿ ಬಂದಿದ್ದೇನೆ. ಮಗ ‘ಆಟದ ಸಾಮಾನಿಗೆ ದುಡ್ಡು ಸುರೀತೀಯಾ’ ಅಂದ. ನನ್ನ ಪೆನ್ಶನ್ ದುಡ್ಡಿಗೂ ಅಪ್ಪಣೆ ಬೇಕೇ ಅನ್ನಿಸಿ ಊಟ ಸೇರುತ್ತಿಲ್ಲ. ಅವನು ಹೇಳಿದ್ದೇ ನಿಜವಾದರೆ ಎಂಬ ಭಯವೂ ಇದೆ.
– ಹೆಸರು ಬೇಡ, ಹಾಸನ

ಉತ್ತರ: ಇಷ್ಟು ವರ್ಷ ಶಾಲೆ, ಬ್ಯಾಂಕು, ಸಂತೆ ಎಲ್ಲವನ್ನೂ ಒಬ್ಬರೇ ಮುಗಿಸಿಕೊಂಡು ಬರುತ್ತಿದ್ದವರು ನೀವು. ಈಗ ಔಷಧಿ ಅಂಗಡಿಗೆ ಹೋಗಲೂ ಯಾರಿಗೆ ಬಿಡುವಿದೆ ಎಂದು ಕಾಯಬೇಕು. ಮಂಡಿನೋವಿಗಿಂತ ಹೆಚ್ಚು ಹಿಂಸೆ ಅದು. ಗಾಡಿ ಬೇಕೆನ್ನಿಸಿದ್ದರಲ್ಲಿ ಹುಡುಗಾಟಿಕೆ ಏನೂ ಇಲ್ಲ. ಈ ಆಸೆಯನ್ನು ಬಾಯಿಬಿಟ್ಟು ಹೇಳಲಾರದೆ ನುಂಗಿಕೊಂಡಿರುವ ಹಿರಿಯರು ಬಹಳ ಮಂದಿ.

ಮಗನ ಮಾತು ಒರಟು, ನಿಜ. ಅಮ್ಮ ಬಿದ್ದುಗಿದ್ದರೆ ಎಂಬ ಅಂಜಿಕೆಯೂ ಹಾಗೆ ಮಾತಾಡಿಸುತ್ತದೆ. ಬೇಕೋ ಬೇಡವೋ ಎಂಬ ಜಗಳ ಸದ್ಯಕ್ಕೆ ಬಿಡಿ. ‘ಬಾ, ಇಬ್ಬರೂ ಸೇರಿ ಪರೀಕ್ಷೆ ಮಾಡೋಣ’ ಎಂದು ಅವನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

ಅವನ ಅಂಜಿಕೆಗೆ ಆಧಾರವೂ ಇದೆ. ಸ್ಕೂಟರಾದರೆ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ಇಂಥ ಗಾಡಿ ಸಾಮಾನ್ಯವಾಗಿ ವಾಲುವುದಿಲ್ಲ, ವೇಗ ಹೆಚ್ಚಾದರೆ ಹೊರಕ್ಕೆ ಉರುಳಬಹುದು. ಮುಂದೆ ಒಂದೇ ಚಕ್ರವಿದ್ದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಅಪಾಯ ಹೆಚ್ಚು. ಮುಂದೆ ಎರಡು, ಹಿಂದೆ ಒಂದು ಇದ್ದರೆ ಕಡಿಮೆ. ಬ್ಯಾಟರಿ ತಳದಲ್ಲಿ, ನೆಲಕ್ಕೆ ಹತ್ತಿರ ಇರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತು ನೋಡಿ. ಕಿಟಕಿ ಪೂರ್ತಿ ಇಳಿಯದ ಗಾಡಿ ನಮ್ಮ ಬೇಸಿಗೆಗೆ ಆಗಿಬರುವುದಿಲ್ಲ. ಹತ್ತುವಾಗ ಮಂಡಿ ಎಷ್ಟು ಮಡಿಸಬೇಕು, ಇಳಿಯುವಾಗ ಹಿಡಿದುಕೊಳ್ಳಲು ಏನಿದೆ? ನನ್ನ ಮಟ್ಟಿಗೆ ಗಾಡಿಯ ಅಂದಚಂದಕ್ಕಿಂತ ಇದು ಮುಖ್ಯ.

ಬೆಲೆಯ ವಿಷಯಕ್ಕೆ ಬಂದರೆ, ಲೆಡ್ ಆಸಿಡ್ ಬ್ಯಾಟರಿಯ ಗಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಬ್ಯಾಟರಿ ಬೇಗ ಬದಲಿಸಬೇಕು. ಲಿಥಿಯಂ ದುಬಾರಿ, ಬಾಳಿಕೆ ಹೆಚ್ಚು. ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ, ರಿಪೇರಿ ಊರಲ್ಲೇ ಆಗುತ್ತದೆಯೇ ಎಂದು ಬರೆಸಿಕೊಳ್ಳಿ. ‘ಲೈಸೆನ್ಸ್, ರಿಜಿಸ್ಟ್ರೇಷನ್ ಏನೂ ಬೇಡ’ ಎಂದರೆ ಹಾಗೇ ನಂಬಬೇಡಿ. ಆ ವಿನಾಯಿತಿ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ವೇಗವನ್ನೂ ಮುಟ್ಟದ ಹಗುರ ವಾಹನಗಳಿಗೆ. ಅದಕ್ಕೂ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಬ್ರೇಕ್ ಒತ್ತುವ ಶಕ್ತಿ ಕಾಲಿಗಿದೆಯೇ ಎಂದು ಮೂಳೆ ವೈದ್ಯರನ್ನೂ ಕೇಳಿ.

ಊಟ, ನಿದ್ದೆ ಇನ್ನೂ ಸರಿಹೋಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಹಣವನ್ನು ಯಾರಾದರೂ ತಡೆಹಿಡಿದರೆ ಹಿರಿಯರ ಸಹಾಯವಾಣಿ 14567 ಇದೆ.

ಇಷ್ಟೆಲ್ಲ ನೋಡಿದ ಮೇಲೆ ತೀರ್ಮಾನ ನಿಮ್ಮದೇ. ಈ ಗಾಡಿ ಸರಿಬರಲಿಲ್ಲ ಎನ್ನಿ, ಓಡಾಟ ನಿಲ್ಲಿಸಬೇಡಿ. ಪರಿಚಯದ ಆಟೊದವರೊಬ್ಬರನ್ನು ವಾರದಲ್ಲಿ ಕೆಲವು ದಿನಕ್ಕೆ ಗೊತ್ತುಮಾಡಿಕೊಳ್ಳಿ. ಬಾಡಿಗೆಯನ್ನು ನಿಮ್ಮ ಪೆನ್ಶನ್‌ನಿಂದ ನೀವೇ ಕೊಡಿ.