ನ್ಯಾಯಶಾಸ್ತ್ರವನ್ನೋದಿದ ಬಳಿಕ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ವಿಚಾರ



ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದುದು ನಾನೇ ಮಾಡಿದ ಒಂದು ತಪ್ಪು. ಉಪಾಧ್ಯಾಯಿನಿಯರು ಮಕ್ಕಳ ತಪ್ಪುಗಳನ್ನು ಕೆಂಪು ಮಸಿಯಿಂದ ತಿದ್ದುವುದರಲ್ಲಿ ಚತುರೆಯರು; ತಮ್ಮ ತಪ್ಪನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವ ಪ್ರಸಂಗ ಅವರಿಗೆ ವಿರಳ. ಆದರೂ ಇದರಿಂದ ಇನ್ನೊಬ್ಬರಿಗೆ ಪ್ರಯೋಜನವಾಗುವುದಾದರೆ ಸಂಕೋಚಪಡಬೇಕಾದುದಿಲ್ಲವೆಂದು ಭಾವಿಸಿ ಹೇಳುತ್ತೇನೆ.

ಕೆಲವು ವರ್ಷಗಳ ಕೆಳಗೆ ನಮ್ಮ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಚರ್ಚಾಕೂಟಗಳಲ್ಲಿ ಆಕೆಗೆ ಸಮಾನರಿರಲಿಲ್ಲ. ಆಕೆಯ ತಂದೆಯವರು ಒಂದು ದಿನ ನನ್ನ ಕೊಠಡಿಗೆ ಬಂದು, ಮಗಳನ್ನು ಮುಂದೇನು ಓದಿಸಲಿ ಎಂದು ಕೇಳಿದರು. ನಾನು ಕ್ಷಣವೂ ಯೋಚಿಸದೆ, “ಈಕೆ ವಕೀಲಳಾಗಲೆಂದೇ ಹುಟ್ಟಿದವಳು” ಎಂದುಬಿಟ್ಟೆ. ಅವರು ನನ್ನ ಮಾತನ್ನು ನಂಬಿದರು. ಹುಡುಗಿ ಪಿ.ಯು.ಸಿ.ಯ ಬಳಿಕ ಐದು ವರ್ಷಗಳ ಕಾನೂನು ವ್ಯಾಸಂಗವನ್ನು ಮುಗಿಸಿದಳು. ಅದಕ್ಕಾಗಿ ಬ್ಯಾಂಕಿನಲ್ಲಿ ಸಾಲವನ್ನೂ ಮಾಡಬೇಕಾಯಿತು. ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾಯಿತು. ಹಿರಿಯ ನ್ಯಾಯವಾದಿಗಳೊಬ್ಬರ ಕಚೇರಿಯನ್ನೂ ಸೇರಿದಳು. ಒಂದೂವರೆ ವರ್ಷ ಕಳೆದ ಮೇಲೆ ಒಂದು ಸಂಜೆ, ಮಕ್ಕಳೆಲ್ಲರೂ ಮನೆಗೆ ಹೋದ ವೇಳೆಯಲ್ಲಿ, ಪಾಠಶಾಲೆಯ ಜಗಲಿಯ ಮೇಲೆ ಬಂದು ಕುಳಿತಳು. “ಅಮ್ಮಾ, ನಾನು ಯಾವ ಕೆಲಸಕ್ಕೂ ಬಾರದವಳೆಂದು ತೋರುತ್ತದೆ” ಎಂಬುದೇ ಆಕೆಯ ಮೊದಲ ಮಾತು.

ಕೆಲಸದಲ್ಲಿ ಯಾವ ಭಾಗ ನಿನಗೆ ಕಷ್ಟವಾಗಿದೆ ಎಂದು ನಾನು ಕೇಳಿದೆ. ಆಕೆಗೆ ಉತ್ತರ ತಿಳಿಯಲಿಲ್ಲ. ಆ ಪ್ರಶ್ನೆಯನ್ನು ಆಕೆಯೂ ತನಗೆ ತಾನೇ ಕೇಳಿಕೊಂಡಿರಲಿಲ್ಲ, ನಾನೂ ಆ ಹಿಂದೆ ಕೇಳಿರಲಿಲ್ಲ. ಮಾತನಾಡಬಲ್ಲವಳು ವಕೀಲಳು ಎಂಬ ಒಂದೇ ಸಾಲಿನ ಲೆಕ್ಕದಿಂದ ಏಳು ವರ್ಷಗಳ ಓದನ್ನು ನಾವೆಲ್ಲರೂ ಸೇರಿ ನಿಶ್ಚಯಿಸಿಬಿಟ್ಟಿದ್ದೆವು. ಈ ಪಾಠದ ವಿಷಯ ಅದೇ: ನ್ಯಾಯಶಾಸ್ತ್ರವನ್ನು ಓದಿ ಮುಗಿಸಿದ ತರುಣಿಯು ತನಗೆ ತಕ್ಕ ವೃತ್ತಿಯನ್ನು ಆರಿಸಿಕೊಳ್ಳುವ ಮುನ್ನ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಹೇಗೆ?

ಈ ವಿಚಾರವನ್ನು ಶಾಸ್ತ್ರೀಯವಾಗಿ ಮೊದಲು ಹೇಳಿದವರಲ್ಲಿ ಪ್ರಮುಖನು ಅಮೇರಿಕದ ಬಾಸ್ಟನ್ ನಗರದ ಫ್ರಾಂಕ್ ಪಾರ್ಸನ್ಸ್. ಆತನ ಜೀವಿತವೇ ಒಂದು ಪಾಠ. ಆತನು ಮೊದಲು ಕಲಿತುದು ಎಂಜಿನಿಯರಿಂಗ್. ಕೂಲಿಯ ಕೆಲಸವನ್ನೂ ಮಾಡಿದನು. ಶಾಲೆಯಲ್ಲಿ ಪಾಠ ಹೇಳಿದನು. 1881ರಲ್ಲಿ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಕಾನೂನು ಪುಸ್ತಕಗಳನ್ನು ಬರೆದನು, ಕಾನೂನು ಕಾಲೇಜಿನಲ್ಲಿ ಬೋಧಿಸಿದನು. ಕಟ್ಟಕಡೆಗೆ 1908ರಲ್ಲಿ ಯುವಜನರಿಗೆ ವೃತ್ತಿಯ ವಿಚಾರದಲ್ಲಿ ಸಲಹೆ ನೀಡುವ ಸಂಸ್ಥೆಯೊಂದನ್ನು ಬಾಸ್ಟನ್ನಿನಲ್ಲಿ ತೆರೆದು, ಅದೇ ವರ್ಷ ತೀರಿಕೊಂಡನು. ಆತನ ಗ್ರಂಥವು 1909ರಲ್ಲಿ ಪ್ರಕಟವಾಯಿತು. ಆತನ ಬೋಧೆಯ ತಿರುಳು ಮೂರು ಮಾತುಗಳಲ್ಲಿ ಅಡಗಿದೆ. ಮೊದಲು ತನ್ನನ್ನು ತಿಳಿಯಬೇಕು. ಎರಡನೆಯದಾಗಿ ವೃತ್ತಿಗಳನ್ನು ತಿಳಿಯಬೇಕು. ಮೂರನೆಯದಾಗಿ ಇವೆರಡನ್ನೂ ಪಕ್ಕದಲ್ಲಿಟ್ಟು ನಿಜವಾಗಿ ವಿವೇಚಿಸಬೇಕು. ಆತನು ತನ್ನ ಬಳಿಗೆ ಬಂದವರಿಗೆ ದೀರ್ಘವಾದ ಪ್ರಶ್ನಾವಳಿಯೊಂದನ್ನು ಕೊಟ್ಟು, ಉತ್ತರಗಳನ್ನು ಬರೆದು ತರುವಂತೆ ಹೇಳುತ್ತಿದ್ದನು. ಮನಸ್ಸಿನಲ್ಲಿ ತೇಲುವ ಸಂಗತಿಯು ಕಾಗದದ ಮೇಲೆ ಇಳಿದಾಗ ಮಾತ್ರವೇ ಅದರ ಸತ್ಯಾಸತ್ಯತೆ ಕಾಣುವುದು.

ಆ ಮೂರು ಹೆಜ್ಜೆಗಳನ್ನು ನಾವೂ ಕ್ರಮವಾಗಿ ಇಡೋಣ.

ಮೊದಲನೆಯ ಹೆಜ್ಜೆ: ತನ್ನನ್ನು ತಿಳಿಯುವುದು

ಒಂದು ನೋಟುಪುಸ್ತಕವನ್ನು ತೆಗೆದುಕೊಳ್ಳಿರಿ. ಅದರಲ್ಲಿ ನಾಲ್ಕು ಭಾಗಗಳಿರಲಿ.

ಮೊದಲನೆಯ ಭಾಗ ಕೃತಿ. ನೀವು ಈವರೆಗೆ ನಿಜವಾಗಿ ಮಾಡಿದ ಹತ್ತು ಕೆಲಸಗಳನ್ನು ಬರೆಯಿರಿ: ಅಣಕು ನ್ಯಾಯಾಲಯದಲ್ಲಿ ವಾದಿಸಿದುದು, ಹಿರಿಯರಿಗಾಗಿ ಹಳೆಯ ತೀರ್ಪುಗಳನ್ನು ಹುಡುಕಿದುದು, ನೆರೆಮನೆಯವರ ಬಾಡಿಗೆ ಕರಾರನ್ನು ಓದಿ ತಿಳಿಸಿದುದು, ತಂಗಿಗೆ ಲೆಕ್ಕ ಹೇಳಿಕೊಟ್ಟುದು, ಇತ್ಯಾದಿ. ಪ್ರತಿಯೊಂದರ ಮುಂದೆಯೂ, ಅದರಲ್ಲಿ ಯಾವ ಅಂಶದಲ್ಲಿ ಹೊತ್ತು ಹೋದುದೇ ತಿಳಿಯಲಿಲ್ಲ, ಯಾವ ಅಂಶದಲ್ಲಿ ಗಡಿಯಾರವನ್ನು ನೋಡುತ್ತಿದ್ದೆ, ಎಂಬುದನ್ನು ಗುರುತಿಸಿರಿ. “ನನಗೆ ಕಾನೂನು ಇಷ್ಟ” ಎಂದು ಬರೆಯುವುದರಿಂದ ಏನೂ ತಿಳಿಯದು. ಕಾನೂನಿನಲ್ಲಿ ಓದುವುದು ಇಷ್ಟವೋ, ಬರೆಯುವುದೋ, ವಾದಿಸುವುದೋ, ಸಂಧಾನ ಮಾಡಿಸುವುದೋ, ಕಲಿಸುವುದೋ, ಅದನ್ನು ಹೇಳಬೇಕು.

ಎರಡನೆಯ ಭಾಗ ಸ್ವಭಾವ. ಅನಿಶ್ಚಯವನ್ನು ಎಷ್ಟು ಸಹಿಸಬಲ್ಲೆ? ದಿನವಿಡೀ ಕಾದು, ಸಂಜೆಗೆ ಮೊಕದ್ದಮೆ ಮುಂದಕ್ಕೆ ಹೋಯಿತೆಂದು ಕೇಳಿ, ಮರುದಿನ ಮತ್ತೆ ನಗುಮುಖದಿಂದ ಹೋಗಬಲ್ಲೆನೇ? ಇತರರ ದುಃಖವನ್ನು ಕೇಳಿದ ಮೇಲೆ ರಾತ್ರಿ ನಿದ್ರೆ ಬರುವುದೇ? ಒಂಟಿಯಾಗಿ ಕುಳಿತು ಕೆಲಸ ಮಾಡಿದಾಗ ಸಂತೋಷವೋ, ಜನರ ನಡುವೆಯೋ?

ಮೂರನೆಯ ಭಾಗ ಮೌಲ್ಯ. ಸಂಬಳ, ಗೌರವ, ಸ್ವಾತಂತ್ರ್ಯ, ಸ್ಥಿರತೆ, ಜನಸೇವೆ, ಮನೆಗೆ ಮೀಸಲಾದ ಸಮಯ ಇವೆಲ್ಲವೂ ಒಳ್ಳೆಯವೇ. ಆದರೆ ಎಲ್ಲವೂ ಒಂದೇ ಉದ್ಯೋಗದಲ್ಲಿ ಪೂರ್ಣವಾಗಿ ದೊರೆಯುವುದು ಅಪರೂಪ. ಆದುದರಿಂದ ಇವುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಬರೆಯಿರಿ. ಕೊನೆಯದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದೇ ಎಂದು ನೋಡಿರಿ.

ನಾಲ್ಕನೆಯ ಭಾಗ ಪರಿಸ್ಥಿತಿ. ಸಾಲದ ಕಂತು ಎಷ್ಟು? ಮೊದಲ ಎರಡು ಮೂರು ವರ್ಷ ಅಲ್ಪ ಸಂಪಾದನೆಯಲ್ಲಿ ನಡೆಯುವುದೇ? ತಾಯಿತಂದೆಗಳ ಆರೈಕೆ ಯಾರ ಪಾಲಿಗಿದೆ? ಇದನ್ನು ಬರೆಯಲು ಅನೇಕರು ನಾಚುತ್ತಾರೆ. ನಾಚತಕ್ಕದ್ದೇನೂ ಇಲ್ಲ. ಹಾಸಿಗೆಯ ಉದ್ದವನ್ನು ಅಳೆಯದೆ ಕಾಲು ಚಾಚಿದವರೇ ನಡುದಾರಿಯಲ್ಲಿ ನಿಲ್ಲುವರು.

ತನ್ನ ಬೆನ್ನು ತನಗೆ ಕಾಣದೆಂಬ ಗಾದೆಯುಂಟು. ಆದುದರಿಂದ ನಿಮ್ಮೊಡನೆ ಕೆಲಸ ಮಾಡಿ ನೋಡಿದ ಮೂವರನ್ನು, “ನಾನು ಯಾವ ಕೆಲಸವನ್ನು ಚೆನ್ನಾಗಿ ಮಾಡಿದುದನ್ನು ನೀವು ಕಂಡಿರಿ?” ಎಂದು ಕೇಳಿರಿ. ನಾನು ಏನಾಗಲಿ ಎಂದು ಮಾತ್ರ ಕೇಳಬೇಡಿರಿ. ಆ ಪ್ರಶ್ನೆಗೆ ನನ್ನಂಥವರು ಕೊಡುವ ಉತ್ತರ ಎಂಥದೆಂಬುದನ್ನು ಮೇಲೆಯೇ ಕಂಡಿರುವಿರಿ. ಈಗ ಪ್ರಚಾರದಲ್ಲಿರುವ ಅಭಿರುಚಿ ಪರೀಕ್ಷೆಗಳೂ ಉಪಯುಕ್ತವೇ. ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞನು 1959ರಲ್ಲಿ ಆರಂಭಿಸಿದ ವಿಚಾರಸರಣಿಯಿಂದ ಬೆಳೆದ, ಅಭಿರುಚಿಗಳನ್ನು ಆರು ಬಗೆಯಾಗಿ ವಿಂಗಡಿಸುವ ಪದ್ಧತಿ ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಅಂಥ ಪರೀಕ್ಷೆಯು ಕನ್ನಡಿಯೇ ಹೊರತು ತೀರ್ಪಲ್ಲ.

ಎರಡನೆಯ ಹೆಜ್ಜೆ: ವೃತ್ತಿಗಳನ್ನು ತಿಳಿಯುವುದು

ಕಾನೂನು ಪದವಿಯು ಒಂದೇ ಬಾಗಿಲಿನ ಮನೆಯಲ್ಲ. ಈ ಮನೆಯ ಮುಂಬಾಗಿಲು ನಮ್ಮ ದೇಶದ ಸ್ತ್ರೀಯರಿಗೆ ಬಹುಕಾಲ ಮುಚ್ಚಿಯೇ ಇದ್ದಿತು. 1866ರಲ್ಲಿ ನಾಸಿಕದಲ್ಲಿ ಜನಿಸಿದ ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆಗೆ ಕುಳಿತು ಉತ್ತೀರ್ಣರಾದರೂ, ಸ್ತ್ರೀಯರು ವಕೀಲರಾಗಲು ಇದ್ದ ತಡೆಯು ಕಾಯಿದೆಯ ಮೂಲಕ ತೊಲಗಿದುದು 1923ರಲ್ಲಿ. ಈ ನಡುವೆ ಆಕೆ ಸುಮ್ಮನೆ ಕುಳಿತಿರಲಿಲ್ಲ. 1904ರಲ್ಲಿ ಬಂಗಾಳದಲ್ಲಿ ಸರಕಾರದ ನೇಮಕವನ್ನು ಪಡೆದು, ಗೋಷಾ ಪದ್ಧತಿಯ ಕಾರಣ ಹೊರಗಿನ ಪುರುಷರೊಡನೆ ಮಾತನಾಡಲಾರದ ವಿಧವೆಯರಿಗೂ ಅಪ್ರಾಪ್ತ ವಯಸ್ಕರಿಗೂ ಅವರ ಆಸ್ತಿಯ ವಿಷಯದಲ್ಲಿ ಸಲಹೆ ನೀಡುತ್ತಾ ಅನೇಕ ವರ್ಷ ದುಡಿದರು. ನ್ಯಾಯಾಲಯದೊಳಗಿನ ವಾದವೊಂದೇ ಕಾನೂನಿನ ಸೇವೆಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇಂದು ತೆರೆದಿರುವ ಬಾಗಿಲುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ನ್ಯಾಯಾಲಯದ ವಕೀಲಿ: ಇದಕ್ಕೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾಗಬೇಕು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ತೇರ್ಗಡೆಯಾಗಬೇಕು. ಈ ಪರೀಕ್ಷೆಯ ನಿಯಮ ಬಂದುದು 2010ರಲ್ಲಿ. ದಾಖಲಾತಿಗೆ ಕಾಯಿದೆಯಲ್ಲಿ ಹೇಳಿದುದಕ್ಕಿಂತ ಹೆಚ್ಚು ಶುಲ್ಕವನ್ನು ಪರಿಷತ್ತುಗಳು ವಸೂಲು ಮಾಡಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ತೀರ್ಪಿತ್ತುದು ಬಡ ಮಕ್ಕಳಿಗೆ ಉಪಕಾರವಾಯಿತು. ಈ ವೃತ್ತಿಯು ಬೇಡುವುದು ಕೇವಲ ವಾಕ್ಚಾತುರ್ಯವನ್ನಲ್ಲ. ತಾಳ್ಮೆ, ಕಡತದ ಸೂಕ್ಷ್ಮ ಜ್ಞಾನ, ಮತ್ತು ಸಂಪಾದನೆ ಕೂಡಿಬರುವ ತನಕ ಕಾಯುವ ಶಕ್ತಿ.

ನ್ಯಾಯಾಧೀಶ ಹುದ್ದೆ: ಸಿವಿಲ್ ನ್ಯಾಯಾಧೀಶರ ಮೊದಲ ನೇಮಕಕ್ಕೆ ಮೂರು ವರ್ಷಗಳ ವಕೀಲಿಯ ಅನುಭವ ಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ತೀರ್ಪಿತ್ತಿತು. ಇಂಥ ನಿಯಮಗಳು ಆಗಾಗ ಮಾರ್ಪಡುವುದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳತಕ್ಕದ್ದು. ಎರಡೂ ಕಡೆಯ ಮಾತನ್ನು ಕೇಳುವ ತನಕ ಅಭಿಪ್ರಾಯವನ್ನು ತಡೆಹಿಡಿಯಬಲ್ಲವರಿಗೆ ಇದು ತಕ್ಕುದು.

ಸಂಸ್ಥೆಗಳ ಕಾನೂನು ವಿಭಾಗ: ಬ್ಯಾಂಕು, ಕಾರ್ಖಾನೆ, ಆಸ್ಪತ್ರೆ ಮೊದಲಾದೆಡೆ ಒಪ್ಪಂದಗಳನ್ನು ಬರೆಯುವುದೂ ನಿಯಮಪಾಲನೆಯನ್ನು ನೋಡಿಕೊಳ್ಳುವುದೂ ಇಲ್ಲಿಯ ಕೆಲಸ. ತಿಂಗಳ ಸಂಬಳ ನಿಶ್ಚಿತ. ಆದರೆ ಪೂರ್ಣಕಾಲದ ಸಂಬಳದ ನೌಕರಿಯಲ್ಲಿರುವವರು ಸಾಮಾನ್ಯವಾಗಿ ಅದೇ ಕಾಲದಲ್ಲಿ ವಕೀಲಿಯನ್ನು ನಡೆಸುವಂತಿಲ್ಲ ಎಂಬ ಪರಿಷತ್ತಿನ ನಿಯಮವನ್ನು ಅರಿತೇ ಸೇರಬೇಕು.

ಕಾನೂನು ನೆರವು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಮೇರೆಗೆ ಸ್ತ್ರೀಯರೂ ಮಕ್ಕಳೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಅವರ ಪರವಾಗಿ ನಿಲ್ಲುವ ವಕೀಲರು ಪ್ರತಿ ಜಿಲ್ಲೆಗೂ ಬೇಕು. ಇಲ್ಲಿ ಮೃದುವಾದ ಕಿವಿ, ಗಟ್ಟಿಯಾದ ಮನಸ್ಸು ಎರಡೂ ಇರಬೇಕು.

ಇವಲ್ಲದೆ ಬೋಧನೆ, ಉಚ್ಚ ನ್ಯಾಯಾಲಯಗಳ ನ್ಯಾಯಾಧೀಶರ ಬಳಿ ಸಂಶೋಧನ ಸಹಾಯಕರ ಕೆಲಸ, ಮಧ್ಯಸ್ಥಿಕೆ, ಸರಕಾರಿ ಅಭಿಯೋಜಕರ ಹುದ್ದೆ, ಪತ್ರಿಕಾವೃತ್ತಿ, ಶಾಸನ ರಚನೆಯ ಕಚೇರಿಗಳು ಇವೂ ಉಂಟು. ಪ್ರತಿಯೊಂದರ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಹುದ್ದೆಯಲ್ಲಿ ಒಬ್ಬಾಕೆಯು ಸಾಮಾನ್ಯವಾದ ಮಂಗಳವಾರವನ್ನು ಹೇಗೆ ಕಳೆಯುತ್ತಾಳೆ? ಹುದ್ದೆಯ ಹೆಸರನ್ನು ಮೆಚ್ಚುವುದು ಸುಲಭ. ನಾವು ಬಾಳಬೇಕಾದುದು ಅದರ ಮಂಗಳವಾರಗಳೊಡನೆ.

ಮೂರನೆಯ ಹೆಜ್ಜೆ: ವಿವೇಚನೆ ಮತ್ತು ಪ್ರಯೋಗ

ನೋಟುಪುಸ್ತಕದ ಎಡಪುಟದಲ್ಲಿ ನಿಮ್ಮ ನಾಲ್ಕು ಭಾಗಗಳ ಸಾರವನ್ನೂ ಬಲಪುಟದಲ್ಲಿ ಎರಡು ಮೂರು ವೃತ್ತಿಗಳ ಬೇಡಿಕೆಗಳನ್ನೂ ಬರೆದು ಹೋಲಿಸಿರಿ. ಎಲ್ಲಿ ಹೊಂದುವುದೋ ಅಲ್ಲಿ ಗುರುತು ಹಾಕಿರಿ. ಎಲ್ಲಿ ಹೊಂದದೋ ಅಲ್ಲಿ, ಇದು ಅಭ್ಯಾಸದಿಂದ ಬರುವ ಗುಣವೋ, ಸ್ವಭಾವಕ್ಕೇ ವಿರುದ್ಧವೋ ಎಂದು ಕೇಳಿಕೊಳ್ಳಿರಿ. ಸಭಾಕಂಪವು ಅಭ್ಯಾಸದಿಂದ ಹೋಗುತ್ತದೆ. ಅದಕ್ಕಾಗಿ ವಕೀಲಿಯನ್ನು ಬಿಡತಕ್ಕದ್ದಲ್ಲ. ಆದರೆ ಹೋರಾಟವೇ ಮನಸ್ಸಿಗೆ ಒಗ್ಗದಿದ್ದರೆ ಅದು ಬೇರೆ ಮಾತು. ಬಳಿಕ ಕಾಗದದ ನಿರ್ಣಯವನ್ನು ಪ್ರಯೋಗಕ್ಕೆ ಒಡ್ಡಿರಿ. ಒಂದು ತಿಂಗಳು ಆ ಕೆಲಸವನ್ನು ಹತ್ತಿರದಿಂದ ನೋಡಿ, ಪ್ರತಿ ಸಂಜೆ ಎರಡು ಸಾಲು ಬರೆದಿಡಿರಿ. ಕಾಲೇಜಿನಲ್ಲಿರುವಾಗಲೇ ರಜಾಕಾಲದ ತರಬೇತಿಗಳನ್ನು ಹೀಗೆ ಉಪಯೋಗಿಸಿದರೆ ಮತ್ತೂ ಲೇಸು.

ಜಗಲಿಯ ಮೇಲೆ ಕುಳಿತ ಆ ಹುಡುಗಿಯೂ ನಾನೂ ಮೂರು ವಾರ ಹೀಗೆಯೇ ಮಾಡಿದೆವು. ಬರೆದು ನೋಡಿದಾಗ ತಿಳಿದುಬಂದ ಸಂಗತಿ ನನಗೆ ಆಶ್ಚರ್ಯವನ್ನುಂಟುಮಾಡಿತು. ಚರ್ಚಾಕೂಟದಲ್ಲಿ ಆಕೆಗೆ ಪ್ರಿಯವಾಗಿದ್ದುದು ವೇದಿಕೆಯಲ್ಲ; ಹಿಂದಿನ ರಾತ್ರಿ ಕುಳಿತು ತಂಡದವರೆಲ್ಲರ ವಾದಗಳನ್ನು ಒಪ್ಪವಾಗಿ ಬರೆದುಕೊಡುತ್ತಿದ್ದ ಕೆಲಸ. ವೇದಿಕೆಯ ಜಗಳ ಏಳು ನಿಮಿಷಗಳಲ್ಲಿ ಮುಗಿಯುತ್ತಿದ್ದುದರಿಂದ ಅದನ್ನು ಸಹಿಸಿಕೊಂಡಿದ್ದಳು. ವರ್ಷಗಟ್ಟಲೆ ನಡೆಯುವ ದಾವೆ ಆಕೆಯನ್ನು ಕುಗ್ಗಿಸಿತ್ತು. ಈಗ ಆಕೆ ಕ್ರಯಪತ್ರ, ಮರಣಶಾಸನ, ಒಪ್ಪಂದಪತ್ರಗಳನ್ನು ಬರೆದುಕೊಡುವ ಸಣ್ಣ ಕಚೇರಿಯೊಂದನ್ನು ನಡೆಸುತ್ತಿದ್ದಾಳೆ. ಸಂಪಾದನೆ ದೊಡ್ಡದಲ್ಲ, ಸಾಲವಿನ್ನೂ ತೀರಿಲ್ಲ. ಆದರೆ ಓದುಬರಹವಿಲ್ಲದ ಮುದುಕಿಯರು ತಮ್ಮ ಕಾಗದವನ್ನು ಆಕೆ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತುತ್ತಾರೆಂದು ಕೇಳಿ ನನಗೆ ಸಮಾಧಾನವಾಯಿತು.

ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಮಾತೇ ಆಡದ ಇನ್ನೊಬ್ಬಳಿದ್ದಳು. ಆಕೆಗೆ ಕಾನೂನನ್ನು ಓದೆಂದು ನಾನು ಎಂದಿಗೂ ಹೇಳುತ್ತಿರಲಿಲ್ಲ. ಇಂದು ಆಕೆ ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷಿಗಳ ಪಾಟೀ ಸವಾಲು ನಡೆಸುತ್ತಾಳೆ. ಆಕೆಯ ಮೌನವೆಲ್ಲವೂ ಆಲಿಸುವಿಕೆಯಾಗಿದ್ದಿತು ಎಂಬುದು ನನಗೆ ತೋರಲೇ ಇಲ್ಲ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮಗಳು ಹಿಡಿದ ದಾರಿಯನ್ನು ಬದಲಿಸಿದರೆ ಖರ್ಚಾದ ಹಣ ನೀರಿಗೆ ಹೋಯಿತೆಂದು ಹೇಳಬೇಡಿರಿ. ಕಲಿತ ಕಾನೂನು ಎಲ್ಲಿಯೂ ಹೋಗುವುದಿಲ್ಲ. ಮದುವೆಯ ಮಾತನ್ನೂ ವೃತ್ತಿಯ ಮಾತನ್ನೂ ಒಂದೇ ದಿನ ಒಂದೇ ಉಸಿರಿನಲ್ಲಿ ಆಡಬೇಡಿರಿ. ಆಕೆಗೆ ಒಂದು ನೋಟುಪುಸ್ತಕವನ್ನೂ ಮೂರು ವಾರಗಳ ನೆಮ್ಮದಿಯನ್ನೂ ಕೊಡಿರಿ.

ಪೂರ್ವ ವಿದ್ಯಾರ್ಥಿನಿಯರೇ, ಪಾಠಶಾಲೆಯ ಜಗಲಿ ಹಾಗೆಯೇ ಇದೆ. ಸಂಜೆ ನಾಲ್ಕೂವರೆಯ ಮೇಲೆ ನಾನೂ ಅಲ್ಲಿಯೇ ಇರುತ್ತೇನೆ. ಬರುವಾಗ ಪುಸ್ತಕವನ್ನು ಬರೆದು ತನ್ನಿರಿ. ಈ ಸಲ ನೀವು ಏನಾಗಬೇಕೆಂದು ನಾನು ಹೇಳುವುದಿಲ್ಲ. ನೀವು ಬರೆದುದನ್ನು ಓದುತ್ತೇನೆ.