ಏರೋಟರ್ ಎತ್ತುವ ಮುನ್ನ

ಮಗೂ, ಹೌಸ್ ಸರ್ಜನ್ಸಿ ಮುಗಿಸಿ ಸ್ವಂತ ಕ್ಲಿನಿಕ್ ತೆರೆಯುತ್ತಿದ್ದೀಯ. ನಿನ್ನ ಕೈ ಪಳಗಿದೆ, ಆ ಚಿಂತೆ ನನಗಿಲ್ಲ. ನನ್ನ ಕಾಳಜಿಯೆಲ್ಲ ಏರೋಟರ್ ಎತ್ತುವ ಮುಂಚಿನ ಹತ್ತು ನಿಮಿಷಗಳದ್ದು. ರೂಟ್ ಕೆನಾಲ್ ಕೆಡುವುದು ಎಷ್ಟೋ ಸಲ ಅಲ್ಲೇ.

ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರು ಕುರ್ಚಿಯಲ್ಲಿ ಕೂರುತ್ತಲೇ "ಇದೇ ಹಲ್ಲು ಡಾಕ್ಟ್ರೇ" ಎಂದು ಬೆರಳಿಟ್ಟು ತೋರಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಹಲ್ಲಿನೊಳಗಿನ ತಿರುಳಿಗೆ ನೋವು ಗೊತ್ತೇ ಹೊರತು ಜಾಗ ಸರಿಯಾಗಿ ಗೊತ್ತಾಗುವುದಿಲ್ಲ. ಉರಿಯೂತ ಬೇರಿನ ತುದಿ ದಾಟುವವರೆಗೂ ಕೆಳಗಿನ ದವಡೆ ಹಲ್ಲಿನ ನೋವು ಮೇಲಿನ ಹಲ್ಲಿನಲ್ಲಿ ಕಾಣಿಸಬಹುದು, ಕಿವಿಯಲ್ಲೂ ಸಿಡಿಯಬಹುದು. ಬೆರಳು ತೋರಿದ ಹಲ್ಲನ್ನೇ ಕೊರೆದರೆ ಗಟ್ಟಿ ಹಲ್ಲೊಂದು ಹೋಯಿತು, ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಾಗಿ ಆ ನೋವನ್ನು ನೀನೇ ಎಬ್ಬಿಸಿ ನೋಡು. ತಣ್ಣನೆಯ ಸ್ಪ್ರೇ ಹೊಡೆದ ಹತ್ತಿಯನ್ನು ಮೊದಲು ಚೆನ್ನಾಗಿರುವ ಹಲ್ಲಿಗೆ, ಆಮೇಲೆ ಸಂಶಯದ ಹಲ್ಲಿಗೆ ಇಡು. ಜುಮ್ಮೆಂದು ಕೂಡಲೇ ಇಳಿದರೆ ತಿರುಳು ಚೇತರಿಸಿಕೊಂಡೀತು. ಹುಳುಕು ತೆಗೆದು ಫಿಲ್ಲಿಂಗ್ ಮಾಡಿ ಕಾದು ನೋಡು. ಹತ್ತಿ ತೆಗೆದ ಮೇಲೂ ನೋವು ಎಳೆಯುತ್ತಿದ್ದರೆ, ಮಲಗಿದಾಗ ತಾನಾಗಿಯೇ ಸಿಡಿಯುತ್ತಿದ್ದರೆ, ಆ ತಿರುಳು ಉಳಿಯುವುದು ಕಷ್ಟ. ಏನೂ ಅನ್ನಿಸದಿದ್ದರೆ ಸತ್ತಿರಬಹುದು, ಆದರೆ ವಯಸ್ಸಾದವರಲ್ಲಿ ನಾಳ ಕಿರಿದಾಗಿ ಬದುಕಿರುವ ಹಲ್ಲೂ ಸುಮ್ಮನಿರುತ್ತದೆ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟು. ವಸಡಿನ ಸುತ್ತ ಪ್ರೋಬ್ ನಡೆಸು. ಒಂದೇ ಕಡೆ ಕಿರಿದಾಗಿ ಆಳಕ್ಕೆ ಇಳಿದರೆ ಬೇರು ಸೀಳಿರುವ ಸಂಶಯ ಪಡು. ಉದ್ದಕ್ಕೆ ಸೀಳಿದ ಬೇರನ್ನು ರೂಟ್ ಕೆನಾಲ್ ಉಳಿಸುವುದಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತೆಯಾಗಬೇಡ. ಮೂಳೆಯ ಖನಿಜ ಶೇ. 30ರಿಂದ 50ರಷ್ಟು ಕರಗುವವರೆಗೆ ಕಪ್ಪು ಮಚ್ಚೆ ತೋರದಿರಬಹುದು. ಕೋನ ಬದಲಿಸಿ ಇನ್ನೊಂದು ತೆಗೆ.

ಹಲ್ಲಿನದೇ ಅಲ್ಲದ ನೋವೂ ನಿನ್ನ ಕುರ್ಚಿಗೆ ಬರುತ್ತದೆ. ತಲೆ ಬಗ್ಗಿಸಿದರೆ ಮೇಲಿನ ದವಡೆ ಹಲ್ಲುಗಳೆಲ್ಲ ಭಾರವಾಗುತ್ತವೆ ಎಂದರೆ ಸೈನಸ್ ನೆನಪಿರಲಿ. ಮುಖ ತೊಳೆಯುವಾಗ ಕರೆಂಟ್ ಹೊಡೆದಂತೆ ಕೆಲವು ಸೆಕೆಂಡು ಬಂದು ಹೋಗುವುದು ಟ್ರೈಜೆಮಿನಲ್ ನರದ ನೋವಿರಬಹುದು. ಅದಕ್ಕಾಗಿ ಒಂದಾದ ಮೇಲೊಂದು ಹಲ್ಲು ಕಳೆದುಕೊಂಡವರಿದ್ದಾರೆ. ಮೆಟ್ಟಿಲು ಹತ್ತಿದಾಗ ದವಡೆ ಹಿಂಡಿ, ಕೂತರೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಬಾಯಿ ನೋಡುತ್ತ ಕೂರಬೇಡ, ಆಗಲೇ ಹೃದಯದ ವೈದ್ಯರಲ್ಲಿಗೆ ಕಳಿಸು.

ಹಲ್ಲು ಖಚಿತವಾದ ಮೇಲೆ ಅದರ ಒಳಗನ್ನು ಊಹಿಸಿಕೊಂಡೇ ಕೈಹಾಕು. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಎರಡನೆಯ ನಾಳ ಅಡಗಿರುವುದೇ ಹೆಚ್ಚು. ಮೂರು ತುಂಬಿ ಸಮಾಧಾನಪಟ್ಟರೆ ಉಳಿದ ಆ ಎಳೆಯಷ್ಟು ದಾರಿಯಲ್ಲಿ ಸೋಂಕು ಬೆಳೆಯುತ್ತದೆ.

ರಬ್ಬರ್ ಡ್ಯಾಮ್ ವಿಷಯದಲ್ಲಿ ನಾನು ಹಟಮಾರಿ. ಅಮೆರಿಕದ ಸ್ಯಾನ್‌ಫೋರ್ಡ್ ಬಾರ್ನಮ್ 1864ರಲ್ಲೇ ಅದನ್ನು ಬಳಕೆಗೆ ತಂದರು, ನಮ್ಮಲ್ಲಿ ಇನ್ನೂ "ಟೈಮ್ ಆಗುತ್ತೆ" ಅನ್ನುತ್ತಾರೆ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದು ಬಿಟ್ಟರು. ಸಾಮಾನ್ಯ ಇಲಿಗಳ ತಿರುಳು ಕೊಳೆಯಿತು. ರೋಗಾಣುಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಆಹಾರ ತುಂಬಿಕೊಂಡರೂ ತಿರುಳು ಬದುಕಿ, ಮೇಲೆ ಹೊಸ ಗೋಡೆ ಕಟ್ಟಿಕೊಂಡಿತು. ಅದನ್ನು ಓದಿದ ಮೇಲೂ ಎಂಜಲು ಹರಿಯುವ ಹಲ್ಲಿಗೆ ಫೈಲ್ ಇಳಿಸಲು ಮನಸ್ಸು ಹೇಗೆ ಬರುತ್ತದೆ? ಜಾರಿದ ಫೈಲ್ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಹೈಪೋಕ್ಲೋರೈಟ್ ಹಾಕುವಾಗ ಸೂಜಿ ನಾಳದಲ್ಲಿ ಸಿಕ್ಕಿಕೊಳ್ಳಬಾರದು. ಪಕ್ಕದಲ್ಲಿ ತೂತಿರುವ ಸೂಜಿ ಬಳಸು, ನಾಳದ ಅಳತೆಗಿಂತ 2 ಮಿ.ಮೀ. ಮೊದಲೇ ನಿಲ್ಲಿಸು, ಮೆಲ್ಲಗೆ ಒತ್ತು. ದ್ರಾವಣ ಬೇರಿನಾಚೆ ಹೋದರೆ ಮರಗಟ್ಟಿದ ಬಾಯಲ್ಲೂ ರೋಗಿ ಚೀರುತ್ತಾರೆ, ನಿಮಿಷಗಳಲ್ಲಿ ಕೆನ್ನೆ ಊದುತ್ತದೆ. ನಿಲ್ಲಿಸು, ಏನಾಯಿತೆಂದು ಹೇಳು, ಮೊದಲ ದಿನ ತಣ್ಣನೆಯ ಪಟ್ಟಿ, ನೋವಿಗೆ ಮಾತ್ರೆ, ದಿನವೂ ಫೋನ್. ಊತ ಗಂಟಲಿನತ್ತ ಹರಡಿದರೆ, ನುಂಗಲು ಕಷ್ಟವಾದರೆ ಆಸ್ಪತ್ರೆಗೆ ನೀನೇ ಜೊತೆಗೆ ಹೋಗು.

ಫೈಲ್ ಒಂದು ದಿನ ಒಳಗೆ ಮುರಿಯುತ್ತದೆ. ಎಷ್ಟು ಜಾಗ್ರತೆಯ ಕೈಯಲ್ಲೂ ಮುರಿಯುತ್ತದೆ. ಅದನ್ನು ಕೀಳಲು ಹೋಗಿ ಬೇರನ್ನೇ ತೂತು ಮಾಡಬೇಡ. ಆ ಚೂರಿಗಿಂತ ಅದರಾಚೆ ಸ್ವಚ್ಛವಾಗದೆ ಉಳಿದ ಸೋಂಕು ಮುಖ್ಯ. ಬದುಕಿದ್ದ ತಿರುಳಾಗಿದ್ದು ನಾಳ ಬಹುಪಾಲು ಶುಚಿಯಾಗಿದ್ದರೆ ಹಲ್ಲು ಬಾಳಿಕೆ ಬರಬಹುದು. ತುದಿಯಲ್ಲಿ ಕೀವಿದ್ದರೆ ಮೈಕ್ರೋಸ್ಕೋಪ್ ಇರುವ ತಜ್ಞರಿಗೆ ಒಪ್ಪಿಸು. ಆದರೆ ಮೊದಲು ಕುರ್ಚಿಯನ್ನು ನೇರ ಮಾಡಿ, ಎದುರು ಕೂತು ಹೇಳು: "ಅಮ್ಮಾ, ಕೆಲಸ ಮಾಡುವಾಗ ಸಣ್ಣ ಫೈಲಿನ ತುದಿ ಮುರಿದು ಬೇರಿನಲ್ಲಿ ಉಳಿದಿದೆ. ಈ ಎಕ್ಸ್‌ರೇಯಲ್ಲಿ ಇಲ್ಲಿದೆ ನೋಡಿ." ಕೇಸ್ ಶೀಟಿನಲ್ಲೂ ಬರೆ, ಅವರಿಗೂ ಒಂದು ಪ್ರತಿ ಕೊಡು. ಅವರು ಸಿಟ್ಟಾದರೆ ಪೂರ್ತಿ ಕೇಳಿಸಿಕೋ. ಆಮೇಲೆ ಮುಂದಿನ ಎಕ್ಸ್‌ರೇಗೆ ದಿನ ಗೊತ್ತುಮಾಡು, ಕ್ಯಾಪ್ ಹಾಕುವುದನ್ನು ತಡಮಾಡಬೇಡ.