ಬೆಣ್ಣೆಯು ಬಾರದಿರುವದಕ್ಕೆ ಕಾರಣವೇನು?

ಒಕ್ಕಲಿನ ಮನೆಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ಕಡೆಗೋಲಿನ ಶಬ್ದವು ಕೇಳಿಬರುವದು. ಆದರೆ ಕೆಲವು ದಿವಸ ಎಷ್ಟು ಕಡೆದರೂ ಬೆಣ್ಣೆಯು ಕೂಡುವದಿಲ್ಲ. ಆಗ ಅತ್ತೆಯು ಸೊಸೆಯ ಕೈಗುಣವನ್ನು ಹಳಿಯುವಳು. ಇಲ್ಲವೆ ನೆರೆಯವಳ ದೃಷ್ಟಿ ತಾಕಿತೆಂದು ಹೇಳುವಳು. ಇದರಿಂದ ಎರಡು ಮನೆಗಳ ನಡುವೆ ಮಾತು ನಿಂತುಹೋಗುವದೂ ಉಂಟು. ಪ್ರಿಯ ವಾಚಕರೇ, ಒಬ್ಬರ ಮೇಲೆ ತಪ್ಪು ಹೊರಿಸುವದಕ್ಕೆ ಮುಂಚೆ ನಿಜವಾದ ಕಾರಣವನ್ನು ವಿಚಾರಿಸೋಣ.

ಹಾಲಿನಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ಬೆರೆತಿರುವದು. ನೂರು ಪಾಲು ಎಮ್ಮೆಯ ಹಾಲಿನಲ್ಲಿ ಅದು ಸುಮಾರು ೬ರಿಂದ ೮ ಪಾಲು. ಆಕಳ ಹಾಲಿನಲ್ಲಿ ೩ರಿಂದ ೫ ಪಾಲು. ಪ್ರತಿಯೊಂದು ಗುಂಡಿಗೂ ತೆಳುವಾದ ಪೊರೆಯುಂಟು. ಹೆಪ್ಪಾದ ಮೊಸರಿನಲ್ಲಿ ಕಡೆಗೋಲು ತಿರುಗುವಾಗ ಈ ಪೊರೆಗಳು ಹರಿದು, ಗುಂಡುಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗುವವು. ಹೀಗೆ ಅಂಟಬೇಕಾದರೆ ಕೊಬ್ಬು ಬಹಳ ಗಟ್ಟಿಯಾಗಿಯೂ ಇರಬಾರದು, ಕರಗಿಯೂ ಇರಬಾರದು. ಕಡುಚಳಿಯಲ್ಲಿ ಗಟ್ಟಿಯಾದ ಗುಂಡುಗಳು ಬೇಗ ಕೂಡುವದಿಲ್ಲ. ಸೆಕೆಯಲ್ಲಿ ಕೊಬ್ಬು ಮೆತ್ತಗಾಗಿ, ಅದರಲ್ಲಿ ಹೆಚ್ಚು ಪಾಲು ಮಜ್ಜಿಗೆಯಲ್ಲಿಯೇ ಉಳಿದು ನಷ್ಟವಾಗುವದು. ಹೀಗಿರಲಾಗಿ ದೋಷವು ಸೊಸೆಯ ಕೈಯಲ್ಲಿಯೂ ಇಲ್ಲ, ನೆರೆಯವಳ ಕಣ್ಣಿನಲ್ಲಿಯೂ ಇಲ್ಲ. ಬಹಳ ಸಾರಿ ಅದು ಮೊಸರಿನ ಬಿಸಿ ತಂಪುಗಳಲ್ಲಿಯೇ ಇದೆ.

ಆದಕಾರಣ ಮಾಡತಕ್ಕದ್ದೇನು?

ಮೊದಲನೆಯದು: ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಕಡೆಯಿರಿ, ಮೊಸರಿಗೆ ತಣ್ಣೀರನ್ನು ಕೂಡಿಸಿರಿ. ಗಡಿಗೆಗೆ ಒದ್ದೆಯ ಬಟ್ಟೆಯನ್ನು ಸುತ್ತಿದರೆ, ಆ ನೀರು ಆರುತ್ತಾ ಮೊಸರನ್ನು ತಂಪು ಮಾಡುವದು. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯಿರಿ. ಅವಸರದಿಂದ ಕುದಿನೀರನ್ನು ಹೊಯ್ದರೆ ಬೆಣ್ಣೆ ಕೆಡುವದು.

ಎರಡನೆಯದು: ಬೆಣ್ಣೆಯ ಕಾಳುಗಳು ಕೂಡಿ ಮೇಲಕ್ಕೆ ಬಂದ ಕೂಡಲೆ ಹಗ್ಗವನ್ನು ನಿಲ್ಲಿಸಿರಿ. ಬೆಣ್ಣೆಯನ್ನು ಎತ್ತಿ, ನೀರು ತಿಳಿಯಾಗುವ ತನಕ ಎರಡು ಮೂರು ಸಾರಿ ಶುದ್ಧವಾದ ತಣ್ಣೀರಿನಲ್ಲಿ ತೊಳೆಯಿರಿ. ಒಳಗೆ ಮಜ್ಜಿಗೆ ಉಳಿದರೆ ಬೆಣ್ಣೆಯು ಬೇಗನೆ ಹುಳಿತು ನಾರುವದು.

ಮೂರನೆಯದು: ಮಜ್ಜಿಗೆಯನ್ನು ಹೀನವೆಂದೆಣಿಸಬೇಡಿರಿ. ಬೆಣ್ಣೆಯೊಂದಿಗೆ ಹೋಗುವದು ಹೆಚ್ಚಾಗಿ ಕೊಬ್ಬು ಮಾತ್ರವೇ. ಮಾಂಸಖಂಡಗಳನ್ನು ಬೆಳೆಯಿಸುವ ಸಸಾರಜನಕವೂ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಬಹುಮಟ್ಟಿಗೆ ಮಜ್ಜಿಗೆಯಲ್ಲಿ ನಿಲ್ಲುವವು. ಬೆಣ್ಣೆಯು ಸಂತೆಗೆ ಹೋದರೂ ಮಜ್ಜಿಗೆಯು ಮಕ್ಕಳ ಅನ್ನಕ್ಕೆ ಬರಲಿ.

ನಾಳೆ ಬೆಣ್ಣೆ ಬಾರದಿದ್ದರೆ, ನೆರೆಯವಳ ಹೆಸರನ್ನು ಎತ್ತುವದಕ್ಕೆ ಮೊದಲು ಗಡಿಗೆಯನ್ನು ಮುಟ್ಟಿ ನೋಡಿರಿ. ಒಂದು ತಂಬಿಗೆ ನೀರಿನಿಂದ ತೀರುವ ಕಾರ್ಯಕ್ಕೆ ಒಂದು ಸ್ನೇಹವನ್ನು ಕಳೆದುಕೊಳ್ಳುವದು ಬುದ್ಧಿವಂತಿಕೆಯಲ್ಲ.